ಹೊಸ ಸೆಟ್ ಹಾಕಿದ್ಮೇಲೆ ರೇಡಿಯೋ ಗೊರಗೊರ ಅಂತಿದ್ರೆ ಮೊದ್ಲು ನೀಲಿ ವೈರ್ ನೋಡಿ

ಅಣ್ಣ, ಪಿಕಪ್‌ಗೆ ಹೊಸ ಸ್ಟೀರಿಯೋ ಹಾಕಿಸಿದ್ಮೇಲೆ ಎಫ್‌ಎಂ ಊರು ದಾಟಿದ ಕೂಡ್ಲೇ ಗೊರಗೊರ ಅಂತಿದೆ, ಹಳೇ ಸೆಟ್‌ನಲ್ಲಿ ಚೆನ್ನಾಗೇ ಬರ್ತಿತ್ತು, ಆಂಟೆನಾ ಬದಲಾಯಿಸ್ಲಾ ಅಂತ ಕೇಳಿದೀರಲ್ಲ, ಸದ್ಯಕ್ಕೆ ದುಡ್ಡು ಬಿಚ್ಬೇಡಿ. ನಂದೂ ಇದೇ ಕಥೆ. ಹಾಕಿಕೊಟ್ಟ ಹುಡುಗ "ಟವರ್ ದೂರ ಸಾರ್" ಅಂದ್ಬಿಟ್ಟ, ನಾನೂ ನಂಬಿ ಎರಡು ತಿಂಗಳು ಪೆನ್‌ಡ್ರೈವ್‌ನಲ್ಲೇ ಕಾಲ ಹಾಕ್ದೆ, ಆಮೇಲೆ ಒಂದಿನ ಸೆಟ್ ಆಚೆ ಎಳೆದು ನೋಡಿದ್ರೆ ನೀಲಿ ವೈರ್ ತುದಿಗೆ ಕರೀ ಟೇಪ್ ಸುತ್ತಿ ಹಿಂದಕ್ಕೆ ತುರುಕಿದ್ದ.

ಎಫ್‌ಎಂಗೆ ಸುಮಾರು 75 ಸೆಂಟಿಮೀಟರ್ ಕಡ್ಡಿ ಇದ್ರೆ ಸರಿ. ಈಗಿನ ಗಾಡಿಗಳ ಮೇಲಿರೋ ಗೇಣುದ್ದದ ಆಂಟೆನಾ ಹಿಡಿಯೋದು ಕಮ್ಮಿ, ಅದಕ್ಕೇ ಎಷ್ಟೋ ಗಾಡೀಲಿ ಅದರ ಬುಡದಲ್ಲಿ ಸಿಗ್ನಲ್ ಜೋರು ಮಾಡೋ ಒಂದು ಪುಟ್ಟ ಆಂಪ್ಲಿಫೈಯರ್ ಕೂರಿಸಿರ್ತಾರೆ, ಅದಕ್ಕೆ 12 ವೋಲ್ಟ್ ಹೋಗ್ಬೇಕು, ಸೆಟ್‌ನಿಂದ ಅದು ಬರೋದೇ ಆ ನೀಲಿ ವೈರ್‌ನಲ್ಲಿ. ಕೆಲವು ಗಾಡೀಲಿ ಬೇರೆ ವೈರೇ ಇರಲ್ಲ, ಆಂಟೆನಾ ಕೇಬಲ್‌ನಲ್ಲೇ ಕರೆಂಟ್ ಹೋಗುತ್ತೆ, ಅಂಥದಕ್ಕೆ ಅಡಾಪ್ಟರ್ ಸಿಗುತ್ತೆ, ನೀಲಿ ವೈರ್ ಅದಕ್ಕೆ ಕೊಡಿ. ನೇರ ಬ್ಯಾಟರಿಯಿಂದ ಮಾತ್ರ ಎಳೀಬೇಡಿ, ಗಾಡಿ ನಿಂತಾಗ್ಲೂ ಕರೆಂಟ್ ತಿಂತಾನೇ ಇರುತ್ತೆ.

ಅದು ಸರಿ ಇದ್ರೆ ಅರ್ತ್ ನೋಡಿ, ಅಂದ್ರೆ ಆಂಟೆನಾ ಬುಡ ಗಾಡಿ ಬಾಡಿಯ ಲೋಹಕ್ಕೆ ಸರಿಯಾಗಿ ತಾಗಿದೆಯಾ ಅಂತ. ಆಂಟೆನಾ ಬುಡ ಬಿಚ್ಚಿ ತುಕ್ಕು, ಪೇಂಟ್ ಕೆರೆದು ಲೋಹ ಕಾಣೋ ಹಾಗೆ ಮಾಡಿ ಟೈಟ್ ಮಾಡಿ. ಮರದ್ದೋ ಫೈಬರ್‌ದೋ ಕ್ಯಾಬಿನ್ ಆದ್ರೆ ಬುಡದಿಂದ ಚಾಸಿಗೆ ಒಂದು ವೈರ್ ಎಳೀರಿ.

ಇನ್ನೊಂದು, ಇಂಜಿನ್ ಆಫ್ ಮಾಡಿ ಕೇಳಿ, ಗೊರಗೊರ ಹೋದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಕಡೆ ತೊಂದ್ರೆ ಇರಬಹುದು. ಹೋಗ್ಲಿಲ್ವಾ, ಮೊಬೈಲ್ ಚಾರ್ಜರ್ ಕಿತ್ತು, ಎಲ್‌ಇಡಿ ಲೈಟ್ ಆಫ್ ಮಾಡಿ ನೋಡಿ, ಅಗ್ಗದ ಚಾರ್ಜರ್‌ಗಳು ಎಫ್‌ಎಂ ಕೆಡಿಸೋದ್ರಲ್ಲಿ ಎತ್ತಿದ ಕೈ. 24 ವೋಲ್ಟ್ ಲಾರಿ ಇಟ್ಕೊಂಡೋರು ಅದನ್ನ 12ಕ್ಕೆ ಇಳಿಸೋ ಕನ್ವರ್ಟರನ್ನ ಆಂಟೆನಾ ಕೇಬಲ್‌ನಿಂದ ಆದಷ್ಟು ದೂರ ಇಡ್ಬೇಕು.

ಶಿರಾಡಿ ಘಾಟ್‌ನಂಥ ಕಡೆ ಬೆಟ್ಟ ಅಡ್ಡ ಬಂದು ಸಿಗ್ನಲ್ ಹೋಗುತ್ತೆ, ಅದಕ್ಕೆ ಏನೂ ಮಾಡಕ್ಕಾಗಲ್ಲ.

ಹಾಂ, ಮೆನುನಲ್ಲಿ ರೀಜನ್ ಅಮೆರಿಕಾ ಅಂತಿದ್ರೆ ಬದಲಾಯಿಸಿ. ಅದ್ರಲ್ಲಿ 100.5 ಆದ್ಮೇಲೆ 100.7ಕ್ಕೆ ಹಾರುತ್ತೆ. ಬೆಂಗಳೂರಿನ 101.3, 102.9 ಎಲ್ಲಾ ಸರಿಯಾಗಿ ಬಂದು ಮೈಸೂರು ಆಕಾಶವಾಣಿ 100.6 ಒಂದೇ ಸಿಗ್ತಿಲ್ಲ ಅಂತ ನಾನು ಸುಮ್ನೆ ಆಂಟೆನಾನ ಬೈಕೊಂಡು ಓಡಾಡ್ತಿದ್ದೆ.