ಸರ್ವರ್ ಪದೇ ಪದೇ ತಾನಾಗಿಯೇ ರೀಬೂಟ್ ಆಗುತ್ತಿದೆ. ಯುಪಿಎಸ್ ಇರುವುದರಿಂದ ಕರೆಂಟಿನ ಸಮಸ್ಯೆಯಲ್ಲ. ಫಾರ್ಮ್ಯಾಟ್ ಮಾಡಿಸಲೇ, ಹೊಸದು ಕೊಳ್ಳಲೇ?

ಎರಡೂ ಬೇಡ. ಅದರಲ್ಲೂ ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಹುಬ್ಬಳ್ಳಿಯ ನಿಮ್ಮ ಕಚೇರಿಯಲ್ಲಿ ಈಗ ಆಗುತ್ತಿರುವುದೇ ಬ್ಯಾಡಗಿಯಲ್ಲಿ ನಮಗೂ ಆಗಿತ್ತು. ಆಗ ಯಾರಾದರೂ ನನ್ನ ಕೈ ಹಿಡಿದು ನಿಲ್ಲಿಸಿದ್ದರೆ ಒಂದು ಸುಗ್ಗಿಯ ಲೆಕ್ಕ ಹಾಳಾಗದೆ ಉಳಿಯುತ್ತಿತ್ತು.

ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನನ್ನ ಪಾಲಿಗಿತ್ತು. ಬ್ಯಾಡಗಿಯ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ. ದರ ಹಿಡಿಸದ ರೈತರು, ಮುಂದೆ ಮಾರಿದರಾಯಿತು ಎನ್ನುವ ವ್ಯಾಪಾರಿಗಳು ಆ ಸಂಜೆ ಚೀಲ ತಂದು ಇಡುತ್ತಾರೆ. ಯಾರ ಚೀಲ, ಮೆಣಸಿನ ತಳಿ ಡಬ್ಬಿಯೋ ಕಡ್ಡಿಯೋ, ಯಾವ ಕೋಣೆ, ಯಾವ ಅಂತಸ್ತು, ಲಾಟ್ ನಂಬರ್ ಏನು ಎಂಬುದೆಲ್ಲ ಒಂದೇ ಸರ್ವರಿನಲ್ಲಿತ್ತು. ಬಿಸಿಲು ಏರುತ್ತಿದ್ದಂತೆ ಅದು ಪಟ್ಟನೆ ಆರುವುದು, ತಾನೇ ಮತ್ತೆ ಏಳುವುದು ಶುರುವಾಯಿತು. ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ. ಹೆಚ್ಚಾಗಿ ಆಗುತ್ತಿದ್ದುದು ಸೋಮವಾರ ಇಲ್ಲವೇ ಗುರುವಾರ ಸಂಜೆ.

ಮಾರುಕಟ್ಟೆಯ ದಿನ ಎಂಟ್ರಿ ಹೆಚ್ಚು, ಎಲ್ಲ ಕಂಪ್ಯೂಟರುಗಳೂ ಒಟ್ಟಿಗೆ ಸರ್ವರಿನ ಮೇಲೆ ಬೀಳುತ್ತವೆ, ಆದ್ದರಿಂದ ಹೊರೆ ತಾಳಲಾರದೆ ಆರುತ್ತಿದೆ ಎಂದುಕೊಂಡೆ. ರ‍್ಯಾಮ್ ಬದಲಿಸಿದೆ. ಸರ್ವರಿನ ಪೆಟ್ಟಿಗೆ ಬಿಚ್ಚಿ ಧೂಳು ಊದಿಸಿದೆ; ಫ್ಯಾನಿನ ರೆಕ್ಕೆಗಳ ಮೇಲೆ ಮೆಣಸಿನ ಕೆಂಪು ಹುಡಿ ಪದರವಾಗಿ ಕೂತಿತ್ತು, ಅದೇ ಕಾರಣವೆಂದು ಸಮಾಧಾನವೂ ಆಯಿತು. ಮುಂದಿನ ಗುರುವಾರ ಸರ್ವರ್ ಮತ್ತೆ ಆರಿತು. ರಿಪೇರಿಗೆ ಬಂದವರು, ವೈರಸ್ ಇರಬಹುದು, ಫಾರ್ಮ್ಯಾಟ್ ಮಾಡಿಬಿಡೋಣ ಎಂದರು. ನಾನು ಒಪ್ಪಿದೆ.

ಈ ಒಪ್ಪಿಗೆಯಿಂದ ಏನು ಹೋಯಿತು ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನೀವು ಈಗ ಅದೇ ಹೊಸ್ತಿಲಲ್ಲಿ ನಿಂತಿದ್ದೀರಿ. ಸರಿಯಾಗಿ ಶಟ್‌ಡೌನ್ ಆಗದೆ ಆರಿದ ವಿಂಡೋಸ್ ಮತ್ತೆ ಎದ್ದೊಡನೆ ನಡೆದದ್ದನ್ನೆಲ್ಲ ದಾಖಲಿಸಿ ತೋರಿಸುವ ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗ್‌ನಲ್ಲಿ ಎರಡು ನಮೂದು ಬರೆಯುತ್ತದೆ. ಒಂದರ ಸಂಖ್ಯೆ 6008, ಇನ್ನೊಂದರದು ಕರ್ನಲ್-ಪವರ್ 41. ಇವೆರಡನ್ನೂ ನೋಡಿದವರು ಕೂಡ ಸಮಯ ಓದುವಾಗ ಎಡವುತ್ತಾರೆ. 41ರ ಮುಂದಿರುವುದು ಸರ್ವರ್ ಎದ್ದ ಹೊತ್ತು. ಆರಿದ ಹೊತ್ತು ಹೆಚ್ಚುಕಡಿಮೆ ಎಷ್ಟೆಂಬುದು 6008ರ ವಾಕ್ಯದ ಒಳಗಿರುತ್ತದೆ. ನಮ್ಮ ಸರ್ವರ್ ತಿಂಗಳುಗಟ್ಟಲೆ ಪ್ರತಿ ಸಲವೂ ತಾನು ಆರಿದ ದಿನ, ಗಂಟೆ, ನಿಮಿಷವನ್ನು ತಪ್ಪದೆ ಬರೆದಿಟ್ಟಿತ್ತು. ಸಿ ಡ್ರೈವ್ ಅಳಿಸಿದಾಗ ಆ ಪಟ್ಟಿಯೂ ಅಳಿಯಿತು. ಸ್ಟಾಕಿನ ಡೇಟಾ ಕಾಪಿ ಮಾಡಿಟ್ಟುಕೊಂಡಿದ್ದೆವು, ಪ್ರಿಂಟರ್ ಡ್ರೈವರ್ ಕೂಡ ಎತ್ತಿಟ್ಟಿದ್ದೆವು. ಲಾಗ್ ಎತ್ತಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ಪಟ್ಟಿಗೆ ಜೋಡಿಯಾದ ಇನ್ನೊಂದು ಪಟ್ಟಿ ಕೂಗಳತೆಯ ದೂರದಲ್ಲೇ ಇತ್ತು. ಕಂಪ್ರೆಸರ್ ಕೋಣೆಯ ಮೇಜಿನ ಮೇಲೊಂದು ಉದ್ದನೆಯ ರಿಜಿಸ್ಟರ್. ಕೋಣೆಗಳಿಗೆ ತಂಪು ಕೊಡುವ ಅಮೋನಿಯಾದ ಒತ್ತಡ, ಕೋಣೆಗಳ ಉಷ್ಣತೆ, ಯಾವ ಕಂಪ್ರೆಸರ್ ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಬಂದ್ ಎಂದು ಆಪರೇಟರ್ ಪ್ರತಿ ಪಾಳಿಯಲ್ಲೂ ಬರೆಯುತ್ತಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗುತ್ತಿತ್ತು. ಒಂದು ನನ್ನ ಕೈಯಾರೆ ಹೋಗಿತ್ತು. ಹೊಸದಾಗಿ ನಮೂದುಗಳು ಸೇರುವವರೆಗೆ ಕಾಯಬೇಕಾಯಿತು. ಆ ನಡುವೆ ಒಂದು ಸಂಜೆ, ಎಂಟ್ರಿ ನಡೆಯುತ್ತಿರುವಾಗಲೇ ಸರ್ವರ್ ಆರಿ ಡೇಟಾಬೇಸ್ ಕೆಟ್ಟಿತು. ಬೆಳಿಗ್ಗೆ ಗಿರಾಕಿಯನ್ನು ಕರೆದುಕೊಂಡು ಬಂದ ಹಿರಿಯ ರೈತರೊಬ್ಬರು ರಸೀದಿ ಕೈಯಲ್ಲಿ ಹಿಡಿದು ಕತ್ತಲಾಗುವವರೆಗೆ ಕೂತರು. ಅವರ ಚೀಲ ಯಾವ ಕೋಣೆಯಲ್ಲಿದೆ ಎಂದು ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಗೇಟ್ ಪಾಸ್‌ಗಳ ಕಟ್ಟು ಬಿಚ್ಚಿ ಇಡೀ ಸುಗ್ಗಿಯ ಲೆಕ್ಕವನ್ನು ಮತ್ತೆ ಕೈಯಿಂದ ಏರಿಸಿದೆವು.

ಕೊನೆಗೆ ಎಳೆ ಸಿಕ್ಕಿದ್ದು ಆಪರೇಟರ್ ಕಾಕಾನ ಮಾತಿನಿಂದ. "ತಮ್ಮಾ, ಎರಡನೆಯ ಕಂಪ್ರೆಸರ್ ಚಾಲೂ ಮಾಡುವಾಗ ನಮ್ಮ ಟ್ಯೂಬ್‌ಲೈಟ್ ಮಿಣುಕುತ್ತದೆ. ನಿಮ್ಮಲ್ಲಿ ಏನಾಗುತ್ತದೆ ನೋಡು" ಎಂದರು. ಮಾರುಕಟ್ಟೆಯ ಸಂಜೆ ಬಾಗಿಲುಗಳು ತೆರೆದೇ ಇರುತ್ತವೆ, ಬಿಸಿಲಿನಲ್ಲಿ ಕಾದ ಚೀಲಗಳು ಒಳಗೆ ಬರುತ್ತವೆ, ತಂಪು ಸಾಲದೆ ಎರಡನೆಯ ಕಂಪ್ರೆಸರ್ ಶುರು ಮಾಡಬೇಕಾಗುತ್ತದೆ. ದೊಡ್ಡ ಮೋಟಾರು ನೇರವಾಗಿ ಶುರುವಾದರೆ ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಅದನ್ನು ತಗ್ಗಿಸಲೆಂದೇ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವುದು. ಅದು ಮೋಟಾರನ್ನು ಮೊದಲು ಕಡಿಮೆ ಕರೆಂಟಿನ ಸ್ಟಾರ್ ಜೋಡಣೆಯಲ್ಲಿ ಶುರು ಮಾಡಿ, ವೇಗ ಹಿಡಿದ ಮೇಲೆ ಪೂರ್ತಿ ಬಲದ ಡೆಲ್ಟಾಕ್ಕೆ ಬದಲಿಸುತ್ತದೆ. ನಮ್ಮ ಸ್ಟಾರ್ಟರಿನ ಟೈಮರ್ ತೀರಾ ಕಡಿಮೆಗೆ ಇಟ್ಟಿದ್ದರಿಂದ, ಮೋಟಾರು ವೇಗ ಹಿಡಿಯುವ ಮೊದಲೇ ಡೆಲ್ಟಾಕ್ಕೆ ಜಿಗಿಯುತ್ತಿತ್ತು. ಆ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತಿತ್ತು. ಹೊಸ 6008 ನಮೂದುಗಳು ರಿಜಿಸ್ಟರಿನ ಎರಡನೆಯ ಕಂಪ್ರೆಸರಿನ ಸಾಲಿಗೆ ಒಂದೊಂದಾಗಿ ತಾಳೆಯಾದವು.

ಯುಪಿಎಸ್ ಇತ್ತಲ್ಲ ಎನ್ನುತ್ತೀರಿ. ನಾನೂ ಅದನ್ನೇ ಹೇಳುತ್ತಿದ್ದೆ, ಹಸಿರು ದೀಪ ತೋರಿಸಿ. ಆ ದೀಪ ಹೇಳುವುದು ಗೋಡೆಯಿಂದ ಕರೆಂಟು ಬರುತ್ತಿದೆ ಎಂದು ಮಾತ್ರ. ನಮ್ಮ 12 ವೋಲ್ಟಿನ ಬ್ಯಾಟರಿಗೆ ಮೀಟರ್ ಹಿಡಿದರೆ 13ರ ಮೇಲೆ ತೋರಿಸಿತು, ಏಕೆಂದರೆ ಅದು ಚಾರ್ಜಿನಲ್ಲಿತ್ತು. ಸರ್ವರ್ ತೆಗೆದು ಎರಡು 100 ವ್ಯಾಟಿನ ಬಲ್ಬು ಹಚ್ಚಿ, ಗೋಡೆಯ ಸ್ವಿಚ್ ಆರಿಸಿದೊಡನೆ 10ರ ಕೆಳಗೆ ಬಿದ್ದು ಬಲ್ಬುಗಳು ಆರಿದವು. ಅಂದರೆ ವೋಲ್ಟೇಜ್ ಕುಸಿದಾಗ ಆಸರೆಯಾಗಬೇಕಾದ ಬ್ಯಾಟರಿಯೇ ಸತ್ತಿತ್ತು. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಹೊರೆಯಲ್ಲಿ ತನ್ನೊಳಗಿನ ಕೆಪಾಸಿಟರಿನಲ್ಲಿ ಕೂಡಿಟ್ಟ ಕರೆಂಟು ನಂಬಿ ನಿಲ್ಲುವುದು ಸುಮಾರು 16 ಮಿಲಿಸೆಕೆಂಡು. ಸೆಕೆಂಡಿಗೆ 50 ಸಲ ಏರಿಳಿಯುವ ನಮ್ಮ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡು ಬೇಕು. ಅಂದರೆ ಕಣ್ಣು ಗುರುತಿಸುವಷ್ಟು ದೀಪ ಮಿಣುಕುವ ಹೊತ್ತಿಗೆ ಸರ್ವರಿನ ಕತೆ ಮುಗಿದಿರುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಸರ್ವರ್ ರೀಬೂಟ್ ಆಗುತ್ತಿದೆ ಎಂದು ಯಾರು ಹೇಳಿದರು? ಕರೆಂಟು ಮರಳಿದೊಡನೆ ತಾನೇ ಏಳಬೇಕೆಂದು ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಇಟ್ಟಿದ್ದರೆ, ಅದು ಸತ್ತು ಎದ್ದದ್ದೂ ಹೊರಗಿನವರಿಗೆ ರೀಬೂಟ್ ಆದಂತೆಯೇ ಕಾಣುತ್ತದೆ. ಆ ಆಯ್ಕೆಯನ್ನು ಕೆಲವು ದಿನ ಆಫ್ ಮಾಡಿ ನೋಡಿ. ಮುಂದಿನ ಸಲ ಆರಿಯೇ ಉಳಿದರೆ ಅದು ಹೆಚ್ಚಾಗಿ ಕರೆಂಟು ಇಲ್ಲವೇ ಅತಿಯಾದ ಬಿಸಿ; ಸಾಫ್ಟ್‌ವೇರಿನ ಮೇಲೆ ಅನುಮಾನ ಬೇಡ. ಹೊಸ ಸರ್ವರ್ ತಂದು ಅದೇ ಸತ್ತ ಬ್ಯಾಟರಿಗೆ ಜೋಡಿಸಿದರೆ ಹೊಸದೂ ಹೀಗೆಯೇ ಆರುತ್ತದೆ.

ಇವತ್ತೇ ಸಿಸ್ಟಮ್ ಲಾಗನ್ನು ಪೆನ್ ಡ್ರೈವಿಗೆ ಸೇವ್ ಮಾಡಿ, 6008ರ ಸಮಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಆ ಹೊತ್ತಿಗೆ ಕಟ್ಟಡದಲ್ಲಿ ಏನು ಶುರುವಾಗುತ್ತದೆ ಎಂದು ಕೇಳಿ: ಲಿಫ್ಟೋ, ನೀರಿನ ಪಂಪೋ, ಕೆಳಗಿನ ಅಂಗಡಿಯ ವೆಲ್ಡಿಂಗೋ. ಸರಿಯಾಗಿ 14 ದಿನಕ್ಕೊಮ್ಮೆ, ಅದೇ ಗಂಟೆಗೆ ಆಗುತ್ತಿದ್ದರೆ ಯುಪಿಎಸ್ ಅನ್ನೇ ಹಿಡಿಯಿರಿ. ಕೆಲವು ಯುಪಿಎಸ್‌ಗಳು ಅಷ್ಟು ದಿನಕ್ಕೊಮ್ಮೆ ತಮ್ಮ ಬ್ಯಾಟರಿಯನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ, ಬ್ಯಾಟರಿ ಸತ್ತಿದ್ದರೆ ಪರೀಕ್ಷೆಯಲ್ಲೇ ಸರ್ವರ್ ಬೀಳುತ್ತದೆ. ನೀವು ಯುಪಿಎಸ್ ಎನ್ನುತ್ತಿರುವುದು ಮನೆಗೆ ಹಾಕುವ ಇನ್ವರ್ಟರ್ ಆಗಿದ್ದರೆ ಅದರ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡಿನಲ್ಲಿದೆಯೇ ನೋಡಿ. ಇನ್ನೊಂದು ಮೋಡಿನಲ್ಲಿ ಅದು ಬ್ಯಾಟರಿಗೆ ಬದಲಾಗುವುದು ಸರ್ವರಿಗೆ ತೀರಾ ನಿಧಾನ.

41ರ ವಿವರ ತೆರೆದಾಗ ಬಗ್‌ಚೆಕ್‌ಕೋಡ್ (ನೀಲಿ ಪರದೆಯ ದೋಷದ ಸಂಖ್ಯೆ) ಎಂಬಲ್ಲಿ ಸೊನ್ನೆ ಇದ್ದರೆ ಮೇಲಿನ ದಾರಿಯಲ್ಲೇ ಹೋಗಿ. ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಆಗ ರ‍್ಯಾಮ್, ಡ್ರೈವರ್ ಎಂದು ಹುಡುಕಬೇಕು. ಆ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.