ಪರಿಸರ ಓದಿದ್ರೆ ಕೆಲಸ ಸಿಗುತ್ತಾ ಮೇಡಂ?

ಪ್ರಶ್ನೆ: ಮೇಡಂ, ನಮಸ್ತೆ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ದಾವಣಗೆರೆಯಲ್ಲಿ ಬಿಎಸ್ಸಿ ಕೊನೇ ವರ್ಷ, ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ಮುಂದೆ ಪರಿಸರ ನಿರ್ವಹಣೆಯಲ್ಲಿ ಎಂಎಸ್ಸಿ ಮಾಡಬೇಕು ಅಂತ ಆಸೆ. ಅಪ್ಪ ಮಾತ್ರ "ಗಿಡ ನೆಡೋದಕ್ಕೆ ಯಾರಾದ್ರೂ ಎರಡು ವರ್ಷ ಓದ್ತಾರಾ, ಬಿ.ಎಡ್ ಮಾಡು" ಅಂತಾರೆ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ, ಇಂಗ್ಲಿಷ್ ಅಷ್ಟಕ್ಕಷ್ಟೆ. ಈ ಕೋರ್ಸಿನಲ್ಲಿ ಏನಿರುತ್ತೆ? ಕೆಲಸ ಸಿಗುತ್ತಾ?

ಉತ್ತರ: ನಿಮ್ಮ ಅಪ್ಪ ಕೇಳಿದ್ದು ಸರಿಯಾಗೇ ಇದೆ. ಗಿಡ ನೆಡೋದಕ್ಕೆ ಎಂಎಸ್ಸಿ ಬೇಡ. ಒಂದು ಕೆಲಸ ಮಾಡಿ, ಅಪ್ಪನನ್ನು ನಿಮ್ಮೂರ ಶುದ್ಧ ನೀರಿನ ಘಟಕದ ಹತ್ತಿರ ಕರೆದುಕೊಂಡು ಹೋಗಿ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತೆ, ಅಲ್ವಾ? ಆ ಘಟಕ ಬಂದಿದ್ದೇ ನಿಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದಾಗ 1.5ರ ತನಕ ನಡೆಯುತ್ತೆ. ಅದಕ್ಕಿಂತ ಜಾಸ್ತಿ ಇರೋ ನೀರನ್ನೇ ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬಂದಿರೋದನ್ನು ನೀವೇ ನೋಡಿರ್ತೀರಿ. ಈಗ ಘಟಕದ ಹಿಂದಕ್ಕೆ ಹೋಗಿ. ಅಲ್ಲೊಂದು ಪೈಪ್ ಇರುತ್ತೆ. ಅದರಿಂದ ಚರಂಡಿಗೆ ಒಂದೇ ಸಮ ನೀರು ಹೋಗ್ತಾ ಇರುತ್ತೆ. ಕ್ಯಾನಿಗೆ ಬಂದ ನೀರಿನಿಂದ ತೆಗೆದ ಫ್ಲೋರೈಡ್, ಉಪ್ಪು ಎಲ್ಲಾ ಆ ನೀರಿನಲ್ಲಿದೆ. ಅಂದರೆ ಬೋರಿನಲ್ಲಿ ಇದ್ದದ್ದಕ್ಕಿಂತ ಗಟ್ಟಿಯಾಗಿದೆ. ದನ ಅದನ್ನೇ ಕುಡಿಯುತ್ತಾ? ಹರಿದು ಹೋಗಿ ಮತ್ತೆ ಯಾರದೋ ಬೋರಿಗೆ ಇಳಿಯುತ್ತಾ? ಘಟಕ ಕೆಟ್ಟು ನಿಂತರೆ ರಿಪೇರಿ ಯಾರ ಹೊಣೆ, ಫಿಲ್ಟರ್ ಬದಲಾಯಿಸೋ ದುಡ್ಡು ಎಲ್ಲಿಂದ ಬರಬೇಕು, ನೀರನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು? ಇಷ್ಟಕ್ಕೂ ಉತ್ತರ ಹುಡುಕಿ, ಬರೆದು, ಬರೆದ ಹಾಗೆ ನಡೆಯೋ ತರಹ ನೋಡಿಕೊಳ್ಳೋದೇ ಪರಿಸರ ನಿರ್ವಹಣೆ. ಅಪ್ಪನಿಗೆ ಹೀಗೇ ಹೇಳಿ.

ಕೋರ್ಸಿನಲ್ಲಿ ಅರ್ಧ ಲ್ಯಾಬು, ಅರ್ಧ ಕಾನೂನು ಅಂದುಕೊಳ್ಳಿ. ಲ್ಯಾಬಿನ ಮಾತು ಬಂದರೆ ನನಗೆ ಇವತ್ತಿಗೂ ಎರಡು ಬಾಟಲಿ ನೆನಪಾಗುತ್ತವೆ. ಒಂದರಲ್ಲಿ ಹರಿಹರದ ಹತ್ತಿರ ತುಂಗಭದ್ರೆಯಿಂದ ತಂದ ನೀರು, ಇನ್ನೊಂದರಲ್ಲಿ ದೊಡ್ಡ ಚರಂಡಿಯದ್ದು. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ನೋಡೋ ಪರೀಕ್ಷೆ ಅದು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಇನ್ನೊಂದು ದ್ರಾವಣ ಹಾಕಿ, ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಅಲ್ಲಾಡಿಸಿದೆವು. ಹೊಳೆ ನೀರಿನ ಬಾಟಲಿಯಲ್ಲಿ ಕಂದು ಬಣ್ಣದ ಗಸಿ ಕೂತಿತು. ಚರಂಡಿ ನೀರಿನಲ್ಲಿ ಕೂತ ಗಸಿ ಬಿಳೀದು. ಬಿಳೀದು ಅಂದರೆ ಆ ನೀರಿನಲ್ಲಿ ಮೀನು ಉಸಿರಾಡೋಕೆ ಏನೂ ಉಳಿದಿಲ್ಲ ಅಂತ. ನೀರು ಕೆಟ್ಟಿದೆ, ಕೆಟ್ಟಿದೆ ಅಂತ ಎಷ್ಟೋ ವರ್ಷ ಕೇಳಿದ್ದೆ. ಅವತ್ತು ಕೈಯಲ್ಲಿ ಹಿಡಿದು ನೋಡಿದೆ. ನೀವು ರಸಾಯನಶಾಸ್ತ್ರ ಓದಿರೋದರಿಂದ ಈ ಭಾಗ ಕಷ್ಟ ಆಗಲ್ಲ.

ಕಾನೂನಿನಲ್ಲಿ 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ್ ದುರಂತ ಆದ ಮೇಲೆ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, ಪರಿಸರದ ಮೊಕದ್ದಮೆಗಳನ್ನು ಕೇಳೋಕೆ ಅಂತಲೇ ಇರೋ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆ ಎಲ್ಲಾ ಬರುತ್ತವೆ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರಿಸೋದು 2006ರ ಅಧಿಸೂಚನೆ. ದೊಡ್ಡ ಗಣಿ, ಕಾರ್ಖಾನೆ, ಅಣೆಕಟ್ಟು ಬರೋ ಮುಂಚೆ ಅದರಿಂದ ಏನೇನು ಹಾಳಾಗಬಹುದು ಅಂತ ವರದಿ ಮಾಡಬೇಕು, ಅದನ್ನು ತಡೆಯೋಕೆ ಏನು ಮಾಡ್ತೀವಿ ಅಂತ ಯೋಜನೆ ಕೊಡಬೇಕು, ಬಹಳಷ್ಟು ಯೋಜನೆಗಳಿಗೆ ಊರಿನವರ ಮುಂದೆ ಆಲಿಕೆ ಸಭೆಯನ್ನೂ ಮಾಡಬೇಕು. ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು.

ನಿಮ್ಮ ಕನ್ನಡ ಮೀಡಿಯಂ ವಿಷಯಕ್ಕೆ ಇಲ್ಲೇ ಬರ್ತೀನಿ. ಕೆಲವು ವರ್ಷದ ಹಿಂದೆ ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ಗಣಿಯ ಆಲಿಕೆ ಸಭೆಗೆ ಹೋಗಿದ್ದೆ. ಕನ್ನಡ ಸಾರಾಂಶ ಹಂಚಿದ್ದರು. ಅದರಲ್ಲಿ "ಅಧಿಭಾರ ವಿಲೇವಾರಿ" ಅಂತ ಒಂದು ಪುಟ. ಅಡಿಕೆ ತೋಟದ ಒಬ್ಬ ಹಿರಿಯರು ಎದ್ದು ನಿಂತು "ಅಧಿಭಾರ ಅಂದ್ರೇನು ಸ್ವಾಮಿ?" ಅಂತ ಕೇಳಿದರು. ವೇದಿಕೆ ಮೇಲಿದ್ದ ಯಾರೂ ಸರಿಯಾಗಿ ಹೇಳಲಿಲ್ಲ. ಅದಿರಿನ ಮೇಲಿರೋ ಮಣ್ಣು, ಕಲ್ಲು, ಅಗೆದು ತೆಗೆದು ಒಂದು ಕಡೆ ರಾಶಿ ಹಾಕೋದು, ಇಷ್ಟೇ. ಆ ರಾಶಿ ಮಳೆಗೆ ಕೊಚ್ಚಿಕೊಂಡು ತಮ್ಮ ತೋಟಕ್ಕೆ ಬರುತ್ತಾ ಅನ್ನೋದು ಅವರ ಚಿಂತೆ. ಅದೇ ಪುಟದಲ್ಲಿ ರಾಶಿಯ ಬುಡಕ್ಕೆ ತಡೆಗೋಡೆ ಕಟ್ಟೋದು, ಸುತ್ತ ಕಾಲುವೆ ತೋಡೋದು ಎಲ್ಲಾ ಇತ್ತು. ಆದರೆ ಅವರಿಗೆ ಅದು ಮುಟ್ಟಲೇ ಇಲ್ಲ. ನನಗೆ ತುಂಬಾ ಸಿಟ್ಟು ಬಂತು, ಇವತ್ತಿಗೂ ಹೋಗಿಲ್ಲ. ಅಳೆಯೋಕೂ ಬರಬೇಕು, ಅಳೆದದ್ದನ್ನು ಆ ಹಿರಿಯರಿಗೆ ಅರ್ಥ ಆಗೋ ಹಾಗೆ ಹೇಳೋಕೂ ಬರಬೇಕು, ಅಂಥವರು ನಮ್ಮ ಜಿಲ್ಲೆಗಳಲ್ಲಿ ಬಹಳ ಕಡಿಮೆ. ಇಂಗ್ಲಿಷ್ ಬೇಕೇ ಬೇಕು, ಏಕೆಂದರೆ ಪುಸ್ತಕ, ವರದಿ ಎಲ್ಲಾ ಅದರಲ್ಲೇ ಇರುತ್ತೆ. ದಿನಾ ಒಂದೆರಡು ಪುಟ ಓದಿ, ಡಿಕ್ಷನರಿ ಪಕ್ಕದಲ್ಲಿರಲಿ, ಒಂದು ವರ್ಷದಲ್ಲಿ ಹಿಡಿತಕ್ಕೆ ಬರುತ್ತೆ. ಕನ್ನಡ ಮಾತ್ರ ಬಿಡಬೇಡಿ.

ಎಲ್ಲಿ ಓದೋದು? ಹತ್ತಿರದಲ್ಲಿ ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ವಿಭಾಗ ಇದೆ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲೂ ಇದೆ. "ಪರಿಸರ ನಿರ್ವಹಣೆ" ಅಂತಲೇ ಎಂಎಸ್ಸಿ ಬೇಕಿದ್ದರೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಇದೆ, ಅದಕ್ಕೆ ಪ್ರವೇಶ ಪರೀಕ್ಷೆ ಬರೀಬೇಕು. ಡೆಹ್ರಾಡೂನ್ ದೂರ ಅಂತ ಅನ್ನಿಸಬಹುದು. ಆದರೆ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಅದಿರು ಗಣಿಗಾರಿಕೆ ನಿಲ್ಲಿಸಿದಾಗ, ಹಾಳಾದ ಗುಡ್ಡಗಳನ್ನು ಹೇಗೆ ಸರಿಮಾಡಬೇಕು ಅನ್ನೋ ಯೋಜನೆಗಳನ್ನು ಮಾಡಿದ್ದು ಅದೇ ಡೆಹ್ರಾಡೂನಿನಲ್ಲಿರೋ, ಈ ಸಂಸ್ಥೆಯನ್ನು ನಡೆಸೋ ಅರಣ್ಯ ಸಂಶೋಧನಾ ಮಂಡಳಿಯವರು. ಆ ಯೋಜನೆ ಮಾಡಿಕೊಂಡು ಜಾರಿಗೆ ತಂದ ಗಣಿಗಳಿಗೆ ಮಾತ್ರ ಮತ್ತೆ ಶುರು ಮಾಡೋಕೆ ಅವಕಾಶ ಸಿಕ್ಕಿತು. ಹೊಸದುರ್ಗದ ಗುಡ್ಡದ ಲೆಕ್ಕ ಡೆಹ್ರಾಡೂನಿನವರು ಮಾಡಿದ್ದಾರೆ, ಜಗಳೂರಿನವರು ಯಾಕೆ ಮಾಡಬಾರದು?

ಕೆಲಸ ಇದೆ, ಮೊದಲ ಎರಡು ವರ್ಷ ಸಂಬಳ ಕಡಿಮೆ. ಇದನ್ನು ಮುಚ್ಚಿಡಲ್ಲ. ಕಾರ್ಖಾನೆಗಳ ಕೊಳಚೆ ನೀರು ಶುದ್ಧೀಕರಣ ಘಟಕ, ನೀರು-ಗಾಳಿ ಪರೀಕ್ಷೆ ಮಾಡೋ ಲ್ಯಾಬು, ಗಣಿಗಳ ಪರಿಸರ ವಿಭಾಗ, ವರದಿ ತಯಾರಿಸೋ ಸಂಸ್ಥೆಗಳಲ್ಲಿ ಸೇರಬಹುದು. ಮಾಲಿನ್ಯ ನಿಯಂತ್ರಣ ಮಂಡಳಿ ಹುದ್ದೆಗೆ ಅರ್ಜಿ ಕರೆಯೋದು ಅಪರೂಪ, ಅದನ್ನೇ ನಂಬಿ ಕೂರಬೇಡಿ. ಅಪ್ಪನಿಗೆ ಮೇಷ್ಟ್ರ ಕೆಲಸದ ಮೇಲೇ ಮನಸ್ಸಿದ್ದರೆ, ಪರಿಸರ ವಿಜ್ಞಾನದಲ್ಲಿ ನೆಟ್ ಪರೀಕ್ಷೆ ಇದೆ, ಕಾಲೇಜಿನಲ್ಲಿ ಪಾಠ ಮಾಡೋ ದಾರಿಯೂ ಇದೆ ಅಂತ ಹೇಳಿ.

ಪ್ರಶ್ನೆ: ಮೇಡಂ, ಚಳ್ಳಕೆರೆ ಕಡೆಯವರು ನಾವು, ಕುರಿ ಸಾಕೋ ಮನೆ. ಮಗಳು ಪಿಯುಸಿ. ಪರಿಸರ ಓದ್ತೀನಿ ಅಂತಾಳೆ. ಹೆಣ್ಣುಮಗಳು ಗುಡ್ಡ, ಹುಲ್ಲಿನ ಕಾವಲು ಅಂತ ಸುತ್ತಬೇಕಾಗುತ್ತೇನೋ ಅಂತ ಭಯ.

ಉತ್ತರ: ಅಕ್ಕಾ, ಸುತ್ತಬೇಕಾಗುತ್ತೆ, ಸುಳ್ಳು ಹೇಳಲ್ಲ. ಆದರೆ ಒಬ್ಬಳೇ ಅಲ್ಲ, ತಂಡದಲ್ಲಿ, ಹಗಲು ಹೊತ್ತಿನಲ್ಲಿ. ನಾನೂ ಹಾಗೇ ಓಡಾಡಿದವಳು. ಬೇಡ ಅಂದರೆ ಲ್ಯಾಬಿನ ಕೆಲಸ ಇದ್ದೇ ಇದೆ.

ಇನ್ನೊಂದು ಮಾತು. ನಿಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ, ಅಣು, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ಕೊಟ್ಟಾಗ ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಮರ ಇಲ್ಲದ ಜಾಗ ಅಂದರೆ ಬರಡು ಅಂತ ದಾಖಲೆಯಲ್ಲಿ ಬರೆದುಬಿಡುತ್ತಾರೆ. ಕರಡ ಹುಲ್ಲು ಯಾವುದು, ಹಂಚಿ ಯಾವುದು, ಯಾವ ತಿಂಗಳು ಕುರಿ ಯಾವುದನ್ನು ಮೇಯುತ್ತೆ ಅಂತ ನಿಮ್ಮ ಮಗಳಿಗೆ ಮನೆಯಲ್ಲೇ ಗೊತ್ತು. ಪೇಟೆಯಲ್ಲಿ ಬೆಳೆದವರು ಅದನ್ನು ಕಲಿಯೋಕೆ ವರ್ಷಗಟ್ಟಲೆ ಬೇಕು. ಅವಳನ್ನು ಕಳಿಸಿ ಅಕ್ಕಾ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದರೆ ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಬಿಡದಂತೆ ನೋಡಿಕೊಳ್ಳಿ.

ಪ್ರಶ್ನೆ: ದಾವಣಗೆರೆಯಲ್ಲೇ ಇದ್ದು ಪ್ರಾಜೆಕ್ಟ್ ಮಾಡಬೇಕು. ವಿಷಯ ಹೇಳಿ.

ಉತ್ತರ: ಗಾಳಿ. ದೇಶದಲ್ಲಿ ಗಾಳಿ ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ್ದು ನಾಲ್ಕು, ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಮ್ಮ ದಾವಣಗೆರೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮೂರೂ ಇದೆ. ಪಿಎಂ 10 ಅನ್ನೋ ಸಣ್ಣ ದೂಳು ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. ರಸ್ತೆ ದೂಳೆಷ್ಟು, ಲಾರಿ ಹೊಗೆ ಎಷ್ಟು, ಮಂಡಕ್ಕಿ ಭಟ್ಟಿಯ ಒಲೆಯದ್ದೆಷ್ಟು ಅಂತ ಬೇರೆ ಬೇರೆ ಮಾಡಿ ನೋಡಿ. ಭಟ್ಟಿಗೆ ಹೋಗುವಾಗ ನೋಟ್‌ಬುಕ್ ತೆಗೆಯೋ ಮುಂಚೆ ಅರ್ಧ ಗಂಟೆ ಅವರ ಜೊತೆ ಕೂತು ಮಾತಾಡಿ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯೋರು ಒಲೆ ಮುಂದೆ ಕೂತು ಮಂಡಕ್ಕಿ ಹುರಿಯೋರು, ಅವರು ಕೆಮ್ಮೋದನ್ನೂ ಬರೆದುಕೊಳ್ಳಿ.