ಮನೆಗೆ ಯಾವ ಕನ್ನಡ ನಿಘಂಟು, ಯಾವ ವಿಶ್ವಕೋಶ ತರಬೇಕು? ಕಿಟೆಲ್ ಈಗಲೂ ಬೇಕೆ?

ಮನೆಯಲ್ಲಿಟ್ಟುಕೊಳ್ಳಲು ಕನ್ನಡದ ನಿಘಂಟು, ವಿಶ್ವಕೋಶಗಳನ್ನು ಕೊಳ್ಳಬೇಕೆಂದಿದ್ದೀರಿ. ಓದಿದವರ ಅಭಿಪ್ರಾಯ ಹುಡುಕಿದರೆ ಒಬ್ಬರು ಕಿಟೆಲ್ ಬಿಟ್ಟರೆ ನಿಘಂಟೇ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಅದು ಹಳೆಯದಾಯಿತು ಅನ್ನುತ್ತಾರೆ, ಮತ್ತೊಬ್ಬರು ಎಲ್ಲ ಫೋನಿನಲ್ಲೇ ಸಿಗುವಾಗ ದುಡ್ಡು ದಂಡ ಅನ್ನುತ್ತಾರೆ. ಎಂಟನೇ ತರಗತಿಯ ಮಗಳಿಗೂ ನಿಮಗೂ ಒದಗುವಂಥದ್ದು ಯಾವುದು ಎಂದು ಕೇಳಿದ್ದೀರಿ.

ನಾನು ಪ್ರಕಾಶನವೊಂದರಲ್ಲಿ ಕರಡು ತಿದ್ದುವವನು. ಈ ಪುಸ್ತಕಗಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಹಾಗಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ಓದಿದ ಅಭಿಪ್ರಾಯಗಳು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣ, ಒಬ್ಬೊಬ್ಬರು ಆ ಪುಸ್ತಕವನ್ನು ಒಂದೊಂದು ಪ್ರಶ್ನೆ ಕೇಳಿರುತ್ತಾರೆ. ಇಂಥ ಪುಸ್ತಕ ಎಷ್ಟು ದಪ್ಪ, ಎಷ್ಟು ಹೊಸದು ಎಂಬುದಕ್ಕಿಂತ ನಾನು ಮೊದಲು ನೋಡುವುದು, ಅದು ಹೇಳುವ ಮಾತಿಗೆ ಆಧಾರ ಕೊಡುತ್ತದೆಯೇ ಎಂಬುದನ್ನು. ಆಧಾರ ಕೊಡುವ ಪುಸ್ತಕ ನೂರು ವರ್ಷ ಹಳೆಯದಾದರೂ ಕೆಲಸಕ್ಕೆ ಬರುತ್ತದೆ. ಕೊಡದ ಪುಸ್ತಕವನ್ನು ಅದರ ಕರ್ತೃವಿನ ಮೇಲಿನ ನಂಬಿಕೆಯಿಂದ ಮಾತ್ರ ಬಳಸಬೇಕಾಗುತ್ತದೆ.

ಕಿಟೆಲ್‌ನಿಂದಲೇ ಶುರು ಮಾಡೋಣ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಈ ಕಡೆ ಬಂದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದಕ್ಕೂ ಮುಂಚೆ ರೀವ್ ಅವರ ನಿಘಂಟು ಇತ್ತು, ಅದನ್ನು ಸ್ಯಾಂಡರ್ಸನ್ ಪರಿಷ್ಕರಿಸಿದ್ದರು. ಆದರೆ ಒಂದು ಪದ ಎಲ್ಲಿ ಬಂದಿದೆ, ಯಾವ ಸೀಮೆಯವರು ಆಡುತ್ತಾರೆ, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ಬಳಗ ಯಾವುದು ಎಂದು ಪದದ ಪಕ್ಕದಲ್ಲೇ ತೋರಿಸಿದ ದೊಡ್ಡ ಕೆಲಸ ಕಿಟೆಲ್ ಅವರದು. ಕೇಶಿರಾಜನ ಶಬ್ದಮಣಿದರ್ಪಣದ ಸೂತ್ರದಿಂದ ಹಿಡಿದು ಜನರ ಬಾಯಲ್ಲಿದ್ದ ಗಾದೆಯವರೆಗೆ ಎಲ್ಲವೂ ಅದರಲ್ಲಿ ಆಧಾರವಾಗಿ ಬರುತ್ತವೆ. ಗಾದೆಗಳಿಗಾಗಿಯೇ ಆ ನಿಘಂಟನ್ನು ತೆರೆದು ಕೂತು ಓದಬಹುದು.

ಇದರಿಂದ ಓದುಗನಿಗೇನು ಲಾಭ? "ಹಸುವನ್ನು ಕರೆ" ಎಂಬ ಮಾತನ್ನೇ ತೆಗೆದುಕೊಳ್ಳಿ. ಹಸುವನ್ನು ಕೂಗಿ ಕರೆಯುವುದೂ ಕರೆಯುವುದೇ, ಹಾಲು ಕರೆಯುವುದೂ ಕರೆಯುವುದೇ. ಈಗಿನ ಸಣ್ಣ ನಿಘಂಟಿನಲ್ಲಿ ಎರಡೂ ಒಂದೇ ಪದದ ಎರಡು ಅರ್ಥಗಳೆಂಬಂತೆ ಕಾಣುತ್ತವೆ. ಕಿಟೆಲ್‌ನಲ್ಲಿ ಅವು ಎರಡು ಬೇರೆ ಪದಗಳು: ಕೂಗುವುದು ಕರೆ, ಹಾಲು ಹಿಂಡುವುದು ಕಱೆ. ಹಳಗನ್ನಡದ ಱ, ೞ ಅಕ್ಷರಗಳನ್ನು ಅವರು ಬಿಡದೆ ಉಳಿಸಿಕೊಂಡಿದ್ದರಿಂದ ಈ ವ್ಯತ್ಯಾಸ ಉಳಿಯಿತು. ರಾಜ್ಯ ಆಳುವುದರ ಳಕಾರ ಬೇರೆ, ಬಾವಿಯ ಆಳದ ೞಕಾರ ಬೇರೆ. ಪಂಪನನ್ನೋ ರನ್ನನನ್ನೋ ಓದಲು ಕೂತವರಿಗೆ ಇದು ಗೊತ್ತಿಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ತೊಡಕು.

"ಕಿಟೆಲ್‌ನಲ್ಲಿ ಪದವೇ ಸಿಗುವುದಿಲ್ಲ" ಎಂದು ದೂರುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಹಕಾರದಲ್ಲಿ ಹುಡುಕಿ ಪುಸ್ತಕ ಮುಚ್ಚಿರುತ್ತಾರೆ. ಹಾಲು ಎಂದು ನೋಡಿದರೆ ಪಾಲ್ ನೋಡಿ ಎನ್ನುವಂಥ ಸೂಚನೆ ಇರುತ್ತದೆ, ಪೂರ್ತಿ ವಿವರಣೆ ಹಳಗನ್ನಡ ರೂಪವಿರುವ ಪಕಾರದಲ್ಲಿರುತ್ತದೆ. ಮೊದಲ ಪುಟಗಳಲ್ಲಿರುವ ಸಂಕೇತಾಕ್ಷರಗಳ ಪಟ್ಟಿಯನ್ನು ಒಮ್ಮೆ ಸಮಾಧಾನವಾಗಿ ಓದಿಕೊಂಡರೆ ಈ ನಿಘಂಟು ಬಹಳ ಸಲೀಸಾಗಿ ಬಿಡುತ್ತದೆ. ಆ ಪಟ್ಟಿಯನ್ನು ಓದದವರ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಡಬೇಡಿ ಎಂದೇ ನನ್ನ ಸಲಹೆ.

ಹಾಗೆಂದು ಕಿಟೆಲ್ ಒಂದೇ ಸಾಕು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಿಘಂಟು 1894ರದು. ಕವಿರಾಜಮಾರ್ಗ ಅಚ್ಚಾದದ್ದು 1898ರಲ್ಲಿ, ಪಂಪಭಾರತವೂ 1898ರಲ್ಲೇ. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಬಂದದ್ದು 1923ರಲ್ಲಿ. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ. ಇವತ್ತು ನಾವು ಕನ್ನಡದ ಬೆನ್ನೆಲುಬು ಎಂದುಕೊಂಡಿರುವ ಎಷ್ಟೋ ಪಠ್ಯಗಳು ಆ ನಿಘಂಟು ಮುಗಿದ ಮೇಲೆ ಓದುಗರ ಕೈಗೆ ಬಂದವು. ಇದು ಕಿಟೆಲ್ ಅವರ ಕೊರತೆಯಲ್ಲ, ಅವರು ಕೆಲಸ ಮಾಡಿದ ಕಾಲದ ಮಿತಿ. ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಕಿಟೆಲ್ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದರು. ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಆ ಮಿತಿಯನ್ನು ದಾಟಿದ್ದು ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ-ಕನ್ನಡ ನಿಘಂಟು. ನನ್ನ ಮಟ್ಟಿಗೆ ಕನ್ನಡದಲ್ಲಿ ಆಗಿರುವ ಪರಾಮರ್ಶನ ಕೆಲಸಗಳಲ್ಲಿ ಇದೇ ದೊಡ್ಡದು. 1940ರ ದಶಕದಲ್ಲಿ ಕೈಗೆತ್ತಿಕೊಂಡದ್ದು, ಮೊದಲ ಸಂಪುಟ 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಒಂಬತ್ತು ಸಾವಿರಕ್ಕೂ ಹೆಚ್ಚು ಪುಟ. ಶುರು ಮಾಡಿದ ವಿದ್ವಾಂಸರಲ್ಲಿ ಹಲವರು ಅದು ಮುಗಿಯುವುದನ್ನು ನೋಡಲಿಲ್ಲ. ಕೊನೆಯವರೆಗೂ ಅದರೊಂದಿಗಿದ್ದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು.

ಈ ನಿಘಂಟಿನ ಬಗೆಗಿನ ಸಾಮಾನ್ಯ ದೂರು ಏನೆಂದರೆ, ಒಂದು ಅರ್ಥ ಬೇಕಾದರೆ ಹತ್ತು ಸಾಲು ಓದಬೇಕು. ನಿಜ, ಓದಬೇಕು. ಆದರೆ ಆ ಹತ್ತು ಸಾಲೇ ಅದರ ಜೀವ. ಶಾಸನದಲ್ಲಿ ಪದ ಹೇಗಿತ್ತು, ಚಂಪೂಕಾವ್ಯದಲ್ಲಿ ಹೇಗಾಯಿತು, ವಚನದಲ್ಲಿ, ದಾಸರ ಪದದಲ್ಲಿ ಯಾವ ಅರ್ಥಕ್ಕೆ ತಿರುಗಿತು ಎಂಬುದನ್ನು ಪ್ರಯೋಗಗಳನ್ನು ಸಾಲಾಗಿ ಇಟ್ಟು ತೋರಿಸುತ್ತದೆ. ಅರ್ಥ ನಿಮಗೆ ಒಪ್ಪಿಗೆಯಾಗದಿದ್ದರೆ ಉಲ್ಲೇಖ ಹಿಡಿದು ಮೂಲಕ್ಕೇ ಹೋಗಬಹುದು. ಸಂಪಾದಕರ ಜೊತೆ ವಾದ ಮಾಡಲು ಬೇಕಾದ ಸಾಮಗ್ರಿಯನ್ನು ಸಂಪಾದಕರೇ ಒದಗಿಸಿರುತ್ತಾರೆ. ಒಂದು ಪುಸ್ತಕ ಓದುಗನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಕೊಡಲಾರದು.

ಎಂಟೂ ಸಂಪುಟ ನಿಮ್ಮ ಮನೆಗೆ ಬೇಕೆ? ಹಳಗನ್ನಡ, ಶಾಸನ, ಸಂಶೋಧನೆ, ಅನುವಾದ ಇವುಗಳಲ್ಲಿ ಯಾವುದಾದರೊಂದನ್ನು ಹಚ್ಚಿಕೊಂಡಿದ್ದರೆ ಖಂಡಿತ ಬೇಕು. ಇಲ್ಲವಾದರೆ ಪರಿಷತ್ತಿನದೇ ಸಂಕ್ಷಿಪ್ತ ಕನ್ನಡ ನಿಘಂಟು ಸಾಕು, ಮಗಳ ಚೀಲಕ್ಕೆ ಕನ್ನಡ ರತ್ನಕೋಶ. ಇವೆರಡರಲ್ಲಿ ಪ್ರಯೋಗಗಳ ಸಾಲು ಸಿಗುವುದಿಲ್ಲ, ಆದರೆ ಹಿಂದೆ ದೊಡ್ಡ ನಿಘಂಟನ್ನು ಕಟ್ಟಿದ ಸಂಸ್ಥೆ ಇದೆ ಎಂಬ ಭರವಸೆ ಇರುತ್ತದೆ.

ನಿಮ್ಮ ಪಟ್ಟಿಯಲ್ಲಿಲ್ಲದ ಒಂದನ್ನು ನಾನು ಸೇರಿಸುತ್ತೇನೆ: ಇಗೋ ಕನ್ನಡ. 1991ರಲ್ಲಿ ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ಶುರು ಮಾಡಿದ ಅಂಕಣ ಇದು. ಓದುಗರು ಪದಗಳ ಬಗ್ಗೆ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. ಆಮೇಲೆ ಪುಸ್ತಕವಾಯಿತು. ಇಡೀ ಪುಸ್ತಕ ಜನರು ನಿಜವಾಗಿ ಕೇಳಿದ ಸಂಶಯಗಳ ಮೇಲೆ ನಿಂತಿರುವುದರಿಂದ ಅಲ್ಲಿ ನಿಮ್ಮ ಮನೆಯ ಜಗಳವೊಂದಕ್ಕೆ ಉತ್ತರ ಸಿಕ್ಕರೆ ಆಶ್ಚರ್ಯವಿಲ್ಲ. ಮಗಳಿಗೆ ನಿಘಂಟು ನೋಡುವ ಅಭ್ಯಾಸ ಹತ್ತಿಸಬೇಕಿದ್ದರೆ ಕಿಟೆಲ್‌ನಿಂದ ಶುರು ಮಾಡಬೇಡಿ, ಇದರಿಂದ ಮಾಡಿ. ಅವರದೇ ಎರವಲು ಪದಕೋಶ ಕೂಡ ಒಳ್ಳೆಯದು. ದಿನವೂ ನಾವಾಡುವ ಎಷ್ಟು ಮಾತು ಪಾರಸಿ, ಅರಬ್ಬಿ, ಪೋರ್ಚುಗೀಸಿನಿಂದ ಬಂದದ್ದು ಎಂದು ನೋಡುತ್ತಾ ಹೋದರೆ ಮಕ್ಕಳಿಗೆ ಇತಿಹಾಸದ ಪಾಠವೂ ಆಗುತ್ತದೆ.

ಇನ್ನು ವಿಶ್ವಕೋಶ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳನ್ನು ಕುರಿತು "ಮಾಹಿತಿ ಹಳೆಯದು" ಎಂಬ ಮಾತು ನೀವೂ ಓದಿರುತ್ತೀರಿ. ಹಳೆಯದು ಹೌದು, ಆದರೆ ಎಲ್ಲ ಸಂಪುಟವೂ ಒಂದೇ ಅಳತೆಯಲ್ಲಿ ಹಳೆಯದಲ್ಲ. ಮೊದಲ ಸಂಪುಟ 1969ರದು, ಆಗ ನಮ್ಮ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಕೊನೆಯದು ಬಂದದ್ದು 2004ರಲ್ಲಿ. ಅಕಾರದ ಊರಿನ ಜನಸಂಖ್ಯೆಗೂ ಹಕಾರದ ಊರಿನ ಜನಸಂಖ್ಯೆಗೂ ನಡುವೆ ಒಂದು ತಲೆಮಾರೇ ಇದೆ. ಆದ್ದರಿಂದ ಅಂಕಿಅಂಶಕ್ಕೆ, ವಿಜ್ಞಾನದ ಈಚಿನ ಸಂಗತಿಗೆ ಅದನ್ನು ನೋಡಲೇಬೇಡಿ. ಒಂದು ರಾಗ, ಒಂದು ಬಸದಿ, ಒಬ್ಬ ಕವಿ, ಒಂದು ಜಾನಪದ ಕುಣಿತದ ಬಗ್ಗೆ ಬಲ್ಲವರು ಕನ್ನಡದಲ್ಲೇ ಬರೆದ ಲೇಖನ ಬೇಕಿದ್ದರೆ ನೋಡಿ. ಅಲ್ಲಿ ಅದಕ್ಕೆ ಸಾಟಿಯಿಲ್ಲ. ಇದನ್ನು ಕೊಳ್ಳುವ ಅಗತ್ಯವೂ ಇಲ್ಲ: ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿರುವುದರಿಂದ ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತದೆ.

ಕಾರಂತರ ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳ ಬಗ್ಗೆಯೂ ಕೇಳಿದ್ದೀರಿ. ಬಾಲಪ್ರಪಂಚದ ಮೂರು ಸಂಪುಟ 1936ರದು. ಒಬ್ಬನೇ ಮನುಷ್ಯ ಮಕ್ಕಳಿಗಾಗಿ ಜಗತ್ತನ್ನೆಲ್ಲ ಕನ್ನಡಕ್ಕೆ ತಂದ ಸಾಹಸ ಅದು, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಮಗಳು ಶಾಲೆಯ ಪ್ರಾಜೆಕ್ಟಿಗೆ ಅದರಿಂದ ಮಾಹಿತಿ ಎತ್ತಬಾರದು. ನಿರಂಜನರು ಸಂಪಾದಿಸಿದ ಕಿರಿಯರ ವಿಶ್ವಕೋಶ ಜ್ಞಾನಗಂಗೋತ್ರಿಗೂ ಇದೇ ಮಾತು. ಏಳು ಸಂಪುಟಗಳು, ಅಕಾರಾದಿಯಲ್ಲ, ವಿಷಯವಾರು ಜೋಡಣೆ. ಹಾಗಾಗಿ ಹುಡುಕಿ ನೋಡುವುದಕ್ಕಿಂತ ಕೂತು ಓದುವುದಕ್ಕೆ ಚೆನ್ನ. ವಿಜ್ಞಾನವನ್ನು ಕನ್ನಡದಲ್ಲಿ ಎಷ್ಟು ತಿಳಿಯಾಗಿ ಹೇಳಬಹುದು ಎಂಬುದು ಮಕ್ಕಳಿಗೆ ಗೊತ್ತಾಗಬೇಕಲ್ಲ, ಅದಕ್ಕಾದರೂ ಇವು ಮನೆಯಲ್ಲಿರಲಿ.

ಸಾಹಿತ್ಯ ಚರಿತ್ರೆಯ ಆಸಕ್ತಿ ನಿಮಗಿದೆ ಎಂದು ಬರೆದಿದ್ದೀರಿ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ ಮೂರು ಸಂಪುಟಗಳಲ್ಲಿ 1907, 1919, 1929ರಲ್ಲಿ ಬಂತು. ಊರೂರಿನ ಓಲೆಗರಿಗಳನ್ನು ನೋಡಿ ಸಾವಿರಕ್ಕೂ ಹೆಚ್ಚು ಕವಿಗಳನ್ನು ದಾಖಲಿಸಿದ ಗ್ರಂಥ. ಅದರಲ್ಲಿ ಕೊಟ್ಟಿರುವ ಹಲವು ಕಾಲನಿರ್ಣಯಗಳನ್ನು ನಂತರದವರು ಬದಲಿಸಿದ್ದಾರೆ. ಹಾಗಾಗಿ ಕವಿಯ ಕಾಲವನ್ನು ಅಲ್ಲಿಂದ ಎತ್ತಿ ಬರೆದ ಲೇಖನ ಕಂಡರೆ ನಾನು ಪಕ್ಕದಲ್ಲಿ ಗುರುತು ಹಾಕುತ್ತೇನೆ. ಆದರೆ ಕವಿಯ ಪದ್ಯವನ್ನೇ ಉದ್ಧರಿಸಿ ಅವನ ತಂದೆ, ಗುರು, ಆಶ್ರಯದಾತನನ್ನು ಗುರುತಿಸುವ ಕ್ರಮ ಇದೆಯಲ್ಲ, ಅದು ಇವತ್ತಿಗೂ ಗಟ್ಟಿ. ಶಾಸನಗಳಿಗೆ ಎಪಿಗ್ರಾಫಿಯ ಕರ್ನಾಟಿಕ: ಬಿ. ಎಲ್. ರೈಸ್ 1886ರಿಂದ 1905ರ ನಡುವೆ 12 ಸಂಪುಟ ತಂದರು. ನಿಮ್ಮೂರಿನ ಹೆಸರು ಹಿಡಿದು ನೋಡುವ ಆಸೆ ಇದ್ದರೆ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತಂದ ಪರಿಷ್ಕೃತ ಸಂಪುಟಗಳನ್ನೇ ಹಿಡಿಯಿರಿ. ರೈಸ್ ಮುಗಿಸಿದ ಮೇಲೆ ಸಿಕ್ಕ ಶಾಸನಗಳೂ ಅವುಗಳಲ್ಲಿ ಸೇರಿವೆ. ಇವನ್ನು ಮನೆಗೆ ತರುವುದು ಬೇಡ, ಗ್ರಂಥಾಲಯದಲ್ಲಿ ನೋಡಿದರೆ ಸಾಕು.

ನಿಮ್ಮ ಮನೆಮಾತು ತುಳು ಎಂದಿದ್ದೀರಿ. ಹಾಗಾದರೆ ಉಡುಪಿಯಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಿ. ಬರಹದಲ್ಲಿ ಹೆಚ್ಚು ಇಲ್ಲದ ಭಾಷೆಗೆ ಆಧಾರ ಎಲ್ಲಿಂದ ಕೊಡುವುದು? ಅವರು ಊರೂರಿಗೆ ಹೋದರು, ಜನರ ಮಾತನ್ನು, ಪಾಡ್ದನವೆಂಬ ಜನಪದ ಕಥನಗೀತೆಗಳನ್ನು ಕೇಳಿ ಬರೆದುಕೊಂಡರು. ಬೇರೆಬೇರೆ ಸೀಮೆಯ, ಸಮುದಾಯದ ರೂಪಗಳೆಲ್ಲ ಅದರಲ್ಲಿವೆ. ನಿಮ್ಮ ಅಜ್ಜಿಯ ಮಾತು ಅದರಲ್ಲಿ ಸಿಗುವ ಸಾಧ್ಯತೆ ಬಹಳ.

ಫೋನಿನ ಮಾತಿಗೆ ಬಂದರೆ, ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಥಟ್ಟನೆ ಅರ್ಥ ಬೇಕಾದಾಗ ನಾನೂ ಮೊದಲು ಅದನ್ನೇ ತೆರೆಯುತ್ತೇನೆ. ಅದರಲ್ಲಿ ಪ್ರಯೋಗದ ಉಲ್ಲೇಖ ಇರುವುದಿಲ್ಲ, ಹಾಗಾಗಿ ವಾದ ಬಂದಾಗ ಪರಿಷತ್ತಿನ ಸಂಪುಟಕ್ಕೆ ಏಳಲೇಬೇಕು. ಕಿಟೆಲ್ ಮತ್ತು ರೈಸ್ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಮೊದಲು ಅಲ್ಲೇ ಒಂದಷ್ಟು ದಿನ ಬಳಸಿ, ಆಮೇಲೂ ಕೈ ಪುಸ್ತಕವನ್ನೇ ಕೇಳುತ್ತಿದ್ದರೆ ಕೊಳ್ಳಿ.

ಕೊಳ್ಳುವುದೆಂದಾದರೆ ಈ ಕ್ರಮ ನನಗೆ ಸರಿ ಕಾಣುತ್ತದೆ: ಮೊದಲು ಸಂಕ್ಷಿಪ್ತ ಕನ್ನಡ ನಿಘಂಟು ಮತ್ತು ಇಗೋ ಕನ್ನಡ, ಆಮೇಲೆ ಕಿಟೆಲ್, ಹಳಗನ್ನಡ ಹಿಡಿಸಿದರೆ ಎಂಟು ಸಂಪುಟ. ಹೊಸ ಪ್ರತಿಗಳನ್ನು ಬೆಂಗಳೂರಿನ ಚಾಮರಾಜಪೇಟೆಯ ಪರಿಷತ್ತಿನ ಮಳಿಗೆಯಲ್ಲಿ ವಿಚಾರಿಸಿ. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಬಿಡಿ ಸಂಪುಟಗಳು ಸಿಗುವುದುಂಟು, ಆದರೆ ನಡುವಿನ ಒಂದು ಸಂಪುಟ ಇಲ್ಲದ ಸೆಟ್ಟನ್ನು ಪೂರ್ತಿ ಬೆಲೆಗೆ ಕೊಳ್ಳಬೇಡಿ, ಅದೊಂದನ್ನು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ. ಕಿಟೆಲ್ ಮರುಮುದ್ರಣ ಕೊಳ್ಳುವಾಗ ಒಳಗಿನ ನಾಲ್ಕಾರು ಪುಟ ತೆರೆದು ಱ ಮತ್ತು ೞ ಅಚ್ಚು ಸ್ಪಷ್ಟವಾಗಿದೆಯೇ, ಆ ಸಂಕೇತಾಕ್ಷರಗಳ ಪಟ್ಟಿ ಪೂರ್ತಿ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.